ಐದು ಪೈಸೆಯ ಸ್ಟಾಂಪು

1971ರ ಡಿಸೆಂಬರಿನಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಹಾಸ್ಟೆಲಿನ ಕಿಟಕಿಗಳಿಗೆ ಕರಿ ಕಾಗದ ಅಂಟಿಸುವ ಕೆಲಸ ನಮ್ಮ ಕೊಠಡಿಯವರ ಪಾಲಿಗೆ ಬಂದಿತ್ತು. ಅಡುಗೆಮನೆಯಲ್ಲಿ ಮೈದಾ ಕುದಿಸಿ ಮಾಡಿದ ಅಂಟು. ರಾತ್ರಿಯಿಡೀ ಜಿರಲೆಗಳು ಅದನ್ನು ಮೆಲ್ಲುತ್ತಿದ್ದವು. ಬೆಳಗಾಗುವಷ್ಟರಲ್ಲಿ ಕಾಗದದ ಒಂದು ಮೂಲೆ ಜೋತಾಡುತ್ತಿತ್ತು. ಬೆಂಗಳೂರು ವಿಮಾನ ಕಾರ್ಖಾನೆಯಿರುವ ಊರು, ದಕ್ಷಿಣದಲ್ಲಿ ಬಾಂಬು ಬೀಳುವುದಾದರೆ ಮೊದಲು ನಮ್ಮ ತಲೆಯ ಮೇಲೆಯೇ ಎಂದು ನಾವು ಹೆದರಿಕೆಗಿಂತ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ರಸ್ತೆಯಲ್ಲಿ ಹೆಡ್‌ಲೈಟಿಗೆ ಅರ್ಧ ಕಪ್ಪು ಬಳಿದುಕೊಂಡ ಬಸ್ಸುಗಳು ನಿದ್ದೆಗಣ್ಣಿನವರಂತೆ ಬರುತ್ತಿದ್ದವು.

ಗಡಿಯಲ್ಲಿ ಪಾಕಿಸ್ತಾನದೊಡನೆ ಯುದ್ಧ ಶುರುವಾದದ್ದು ಡಿಸೆಂಬರ್ 3ರ ಶುಕ್ರವಾರ ಸಂಜೆ. ಅಂಚೆಪೆಟ್ಟಿಗೆಗೆ ಅದು ಮೊದಲೇ ಬಂದಿತ್ತು. ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಪರಿಹಾರಕ್ಕೆಂದು ನವೆಂಬರ್ 15ರಿಂದ ಲಕೋಟೆಗೆ ಐದು ಪೈಸೆಯ ಸ್ಟಾಂಪು ಹೆಚ್ಚುವರಿಯಾಗಿ ಹಚ್ಚಬೇಕಿತ್ತು. ಹೊಸದು ಅಚ್ಚಾಗುವವರೆಗೆ ಕುಟುಂಬ ಯೋಜನೆಯ ಹಳೆಯ ಸ್ಟಾಂಪಿನ ಮೇಲೆಯೇ ‘ನಿರಾಶ್ರಿತರ ಪರಿಹಾರ’ ಎಂಬ ಅರ್ಥದ ಮುದ್ರೆ ಒತ್ತಿದ್ದರು. ಹಾಸ್ಟೆಲಿನ ಹುಡುಗರಿಗೆ ಇದು ಎಷ್ಟು ದಿನಗಳ ನಗೆಗೆ ಸಾಕಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಪಕ್ಕದ ಮಂಚದ ಗೆಳೆಯನ ಅಣ್ಣ ನೌಕಾಪಡೆಯಲ್ಲಿದ್ದ. ಯಾವ ಹಡಗಿನಲ್ಲಿದ್ದಾನೆಂದು ಮನೆಯವರಿಗೂ ತಿಳಿಯದು. ಬೊಂಬಾಯಿಯ ಫ್ಲೀಟ್ ಮೇಲ್ ಆಫೀಸು, ಅಷ್ಟೇ ವಿಳಾಸ. ಡಿಸೆಂಬರ್ 9ರ ರಾತ್ರಿ ನಮ್ಮ ನೌಕಾಪಡೆಯ ‘ಖುಕ್ರಿ’ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಸುದ್ದಿ ನಮಗೆ ಮುಟ್ಟಿದ ದಿನ ವಾರ್ಡನ್ ರೇಡಿಯೋವನ್ನು ತಮ್ಮ ಕೋಣೆಯ ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಆ ಹುಡುಗನಿಗೆ ಕೇಳಿಸದಿರಲಿ ಎಂದು. ಅವನಿಗೆ ಊಟದ ಸಾಲಿನಲ್ಲೇ ಗೊತ್ತಾಗಿಬಿಟ್ಟಿತ್ತು.

ಅವನು ಅಳಲಿಲ್ಲ, ಪತ್ರ ಬರೆಯತೊಡಗಿದ. ದಿನಕ್ಕೊಂದು. ಕರಿ ಕಾಗದದ ಕಿಟಕಿಯ ಕೆಳಗೆ, ಕಂಬಳಿಯೊಳಗೆ, ಟಾರ್ಚಿನ ಗಾಜಿಗೆ ಬೆರಳು ಅಡ್ಡ ಹಿಡಿದು. ಬೆಳಕು ಬೆರಳಿನ ಮೂಲಕ ಕೆಂಪಾಗಿ ಸೋರುತ್ತಿತ್ತು. ಅವನ ಕೈಯ ದುಡ್ಡು ಮೂರನೆಯ ದಿನಕ್ಕೇ ಮುಗಿದುದರಿಂದ ಐದು ಪೈಸೆಯ ಸ್ಟಾಂಪು ನನ್ನದಾಯಿತು. ಒಂದು ಸಲ ಲೆಕ್ಕ ಬರೆದಿಟ್ಟೆ, ನಾಚಿಕೆಯಾಗಿ ಹರಿದುಹಾಕಿದೆ.

16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಶಾಲೆಗೆ ರಜೆ, ಸಿಹಿ, ಘೋಷಣೆ. ಆದರೆ ಸ್ಟಾಂಪು ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ನಮ್ಮ ಕಿಟಕಿಯ ಕಾಗದವನ್ನು ಕೀಳಿ ಎಂದು ಯಾರೂ ಹೇಳದ ಕಾರಣ ಬೇಸಿಗೆ ರಜೆಯವರೆಗೂ ನಾವು ಹಗಲಿನಲ್ಲೇ ದೀಪ ಹಾಕಿಕೊಂಡು ಓದಿದೆವು.

ಅಣ್ಣನ ಪತ್ರ ಬಂದದ್ದು ಡಿಸೆಂಬರಿನ ಕೊನೆಯ ವಾರ. ಗೆಳೆಯ ನಿಂತಲ್ಲೇ ಒಡೆದು ಓದಿ ನನ್ನ ಕೈಗಿತ್ತ. ಯುದ್ಧದ ಬಗ್ಗೆ ಒಂದಕ್ಷರವಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಎಷ್ಟು ಅಂಕ ಬಂತು, ಕೂಡಲೇ ತಿಳಿಸು ಎಂದು ಎರಡು ಸಲ ಬರೆದಿದ್ದ.

ಬಂದದ್ದು ಹನ್ನೊಂದು. ಆ ಪತ್ರದ ಉತ್ತರಕ್ಕೆ ಮಾತ್ರ ಅವನು ನನ್ನ ಬಳಿ ಸ್ಟಾಂಪು ಕೇಳಲಿಲ್ಲ.