ಆಗುಂಬೆಯ ಚಳಿ, ಓಸ್ಲೋದ ಲೆಕ್ಕ

ಮಣಿಪಾಲದಿಂದ ಆಗುಂಬೆಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಈ ದಾರಿಯ ಬಗ್ಗೆ ಬರೆಯಲು ಏನಿದೆ ಎಂದು ಉಡುಪಿಯವರು ಕೇಳಿಯಾರು. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿ. ಪರ್ಕಳ, ಹಿರಿಯಡಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ. ಪರವೂರಿನ ನೆಂಟರು ಬಂದಾಗಲೆಲ್ಲ ಸೂರ್ಯಾಸ್ತ ತೋರಿಸಲು ಕರೆದೊಯ್ಯುವ ಮಾಮೂಲಿ ರಸ್ತೆ. ಆದರೆ ಕಾರಿನ ಬ್ಯಾಟರಿ ತುಂಬಿರುವುದೇ ಒಂದು ಸಂಕಟವಾದೀತು, ಅದನ್ನು ಖಾಲಿ ಮಾಡಲೆಂದೇ ಬೆಳಗಿನ ಮಂಜಿನಲ್ಲಿ ಅಲೆಯಬೇಕಾದೀತು ಎಂಬುದು ಈ ಜನವರಿಯವರೆಗೆ ನನ್ನ ಕಲ್ಪನೆಯಲ್ಲೇ ಇರಲಿಲ್ಲ.

ನಮ್ಮದು ಮೂವತ್ತು ಯೂನಿಟ್ ಹಿಡಿಸುವ ಬ್ಯಾಟರಿಯ ಕಾರು. ಯೂನಿಟ್ ಎಂದರೆ ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಒಂದು ಕಿಲೋವ್ಯಾಟ್ ಅವರ್. ಕಂಪನಿಯ ಕಾಗದದಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಸಂಖ್ಯೆ ಇದೆ. ಉಡುಪಿಯ ರಸ್ತೆಯಲ್ಲಿ ಇನ್ನೂರು ಸಿಕ್ಕರೆ ನಾನು ಸಂತೋಷಪಡುತ್ತೇನೆ. ಕಾಗದದ ಸಂಖ್ಯೆ ಸುಳ್ಳೆಂದು ಹೇಳುತ್ತಿಲ್ಲ. ಅದು ಪರೀಕ್ಷಾ ಕೇಂದ್ರದಲ್ಲಿ ಉರುಳೆಗಳ ಮೇಲೆ, ಹದವಾದ ಉಷ್ಣಾಂಶದಲ್ಲಿ, ಎಸಿ ಹಾಕದೆ, ನಿಧಾನಗತಿಯಲ್ಲಿ ಓಡಿಸಿ ಅಳೆದದ್ದು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎಸಿ ಆರಿಸಿ ಗಂಟೆಗೆ ಮೂವತ್ತರ ವೇಗದಲ್ಲಿ ಹೋಗುವ ಕರಾವಳಿಯವನನ್ನು ನಾನಂತೂ ಕಂಡಿಲ್ಲ.

ಜೊತೆಗೆ ಅಮ್ಮ, ಅಕ್ಕ ಮತ್ತು ಭಾವ. ಭಾವ ಡೀಸೆಲ್ ಪಕ್ಷದವರು. ಸೋಮೇಶ್ವರದವರೆಗೆ ಬ್ಯಾಟರಿಯಲ್ಲಿ ನೂರಕ್ಕೆ ಹದಿನೆಂಟರಷ್ಟು ಮಾತ್ರ ಖರ್ಚಾಗಿದ್ದರಿಂದ ಅವರಿಗೆ ಹೇಳಲು ಏನೂ ಸಿಕ್ಕಿರಲಿಲ್ಲ. ಹದಿನಾಲ್ಕು ತಿರುವುಗಳ ಘಾಟಿ ಶುರುವಾಯಿತು ನೋಡಿ, ಉಳಿದ ದೂರದ ಸಂಖ್ಯೆ ದಡದಡನೆ ಇಳಿಯತೊಡಗಿತು. ಭಾವ ಅದನ್ನು ಕ್ರಿಕೆಟ್ ವೀಕ್ಷಕ ವಿವರಣೆಯ ಧಾಟಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. "ನೂರಾ ನಲವತ್ತು. ನೂರಾ ಮೂವತ್ತೊಂದು. ಇದು ಮೇಲೆ ತಲುಪುತ್ತದೆಯೋ, ಅಥವಾ ನಾನು ಇಳಿದು ತಳ್ಳಬೇಕೋ?"

ಸಂಖ್ಯೆ ಹಾಗೆ ಕುಸಿಯುವುದಕ್ಕೆ ಕಾರಣ ಸರಳ. ಈಗ ಖರ್ಚಾಗುತ್ತಿರುವ ರೀತಿಯಲ್ಲೇ ಮುಂದೆಯೂ ಖರ್ಚಾಗುತ್ತದೆ ಎಂದು ಕಾರು ಲೆಕ್ಕ ಹಾಕುತ್ತದೆ; ಗುಡ್ಡಕ್ಕೆ ಒಂದು ತುದಿ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ಜನ, ಸಾಮಾನು ಸೇರಿ ಸುಮಾರು 1,700 ಕಿಲೋ ತೂಕವನ್ನು ಅರ್ಧ ಕಿಲೋಮೀಟರ್ ಮೇಲಕ್ಕೆತ್ತಲು ಎರಡೂಕಾಲು ಯೂನಿಟ್ ಬೇಕೇ ಬೇಕು. ಮೋಟಾರಿನ ನಷ್ಟ, ರಸ್ತೆಯ ಘರ್ಷಣೆ, ತಿರುವಿನಲ್ಲಿ ನಿಂತು ಮತ್ತೆ ಹೊರಡುವುದು ಎಲ್ಲ ಸೇರಿ ಆ ಘಾಟಿ ನಮ್ಮ ಬ್ಯಾಟರಿಯ ನೂರಕ್ಕೆ ಹದಿಮೂರನ್ನು ನುಂಗಿತು. ಮೇಲೆ ತಲುಪಿದಾಗ ಹೆಚ್ಚುಕಡಿಮೆ ಎಪ್ಪತ್ತು ಉಳಿದಿತ್ತು. ಭಾವನಿಗೆ ನಿರಾಸೆಯಾದದ್ದು ಮುಖದಲ್ಲಿ ಕಾಣುತ್ತಿತ್ತು.

ಸೂರ್ಯಾಸ್ತದ ಕಟ್ಟೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅಲ್ಲಿ ಈಗ ಸೂರ್ಯನಿಗಿಂತ ಹೆಚ್ಚಾಗಿ ಎತ್ತಿ ಹಿಡಿದ ಮೊಬೈಲುಗಳೇ ಕಾಣುತ್ತವೆ. ಶೃಂಗೇರಿಗೆ ಹೋದೆವು, ಅಮ್ಮನಿಗೆ ತೃಪ್ತಿಯಾಯಿತು. ಕುಂದಾದ್ರಿಯ ಬಸದಿಯ ಬಳಿಯ ಕೊಳದ ಪಕ್ಕದಲ್ಲಿ ಕುಳಿತಿದ್ದ ಹೊತ್ತು ಚೆನ್ನಾಗಿತ್ತು. ಬೇರೆಯದೆಲ್ಲ ಎಲ್ಲರೂ ಬರೆದದ್ದೇ.

ಉಳಿದುಕೊಂಡದ್ದು ಆಗುಂಬೆ ಪೇಟೆಯಿಂದ ಸ್ವಲ್ಪ ಒಳಗಿನ ಒಂದು ತೋಟದ ಮನೆಯಲ್ಲಿ. ಕೊನೆಯ ಸಂಜೆ ಅಲ್ಲಿಗೆ ಮರಳುವಾಗ ಬ್ಯಾಟರಿ ಮೂವತ್ತೈದಕ್ಕೆ ಇಳಿದಿತ್ತು. ಕಾರಿನ ಪರದೆ ಹೊರಗೆ ಹದಿನಾಲ್ಕು ಡಿಗ್ರಿ ಎಂದು ತೋರಿಸುತ್ತಿತ್ತು. ಬಚ್ಚಲೊಲೆಯ ಮುಂದೆ ಕೈ ಕಾಯಿಸುತ್ತಾ ಭಾವ ತೀರ್ಪು ಕೊಟ್ಟರು: "ಚಳಿಗೆ ಈ ಬ್ಯಾಟರಿಗಳು ಸತ್ತೇ ಹೋಗುತ್ತವೆ. ನಾನು ಓದಿದ್ದೇನೆ."

ಒಲೆಯ ಆಚೆ ಕುಳಿತಿದ್ದ ಇನ್ನೊಬ್ಬ ಅತಿಥಿ ನಕ್ಕುಬಿಟ್ಟರು. ಮೂಲತಃ ಕುಂದಾಪುರದ ಕಡೆಯವರು, ನಾರ್ವೆಯ ಓಸ್ಲೋದಲ್ಲಿ ಕೆಲಸ, ರಜೆಗೆ ಊರಿಗೆ ಬಂದವರು. "ಹದಿನಾಲ್ಕು ಡಿಗ್ರಿಗೆ ಬ್ಯಾಟರಿ ಸಾಯುವುದೇ? ಇದು ನಮ್ಮಲ್ಲಿ ಜೂನ್ ತಿಂಗಳ ಹವೆ, ಮಾರಾಯರೇ. ಚಳಿಯನ್ನು ಬೈಯಬೇಡಿ, ನೀವು ಹತ್ತಿಳಿದ ಗುಡ್ಡಗಳನ್ನು ಬೈಯಿರಿ."

ಮುಂದಿನ ಎರಡು ಗಂಟೆ ನಾವು ಅಲ್ಲಿಂದ ಏಳಲಿಲ್ಲ. ಊಟಕ್ಕೆ ಕರೆದ ಮನೆಯ ಅಮ್ಮ ಸಿಟ್ಟಾಗುವವರೆಗೂ ಮಾತು ನಡೆಯಿತು.

ಅವರದೂ ವಿದ್ಯುತ್ ಕಾರು. ಬೇಸಿಗೆಯಲ್ಲಿ 450 ಕಿಲೋಮೀಟರ್ ಓಡುವಂಥದ್ದು ಲಿಲ್ಲೆಹಾಮ್ಮರ್ ಕಡೆಯ ಬೆಟ್ಟಗಳಿಗೆ ಜನವರಿಯಲ್ಲಿ ಹೋದರೆ ಮುನ್ನೂರರ ಹತ್ತಿರ ನಿಲ್ಲುತ್ತದಂತೆ. "ನಿಜವಾದ ಚಳಿಯಲ್ಲಿ ಎರಡು ಪೆಟ್ಟು ಬೀಳುತ್ತವೆ," ಎಂದರು. "ಬ್ಯಾಟರಿಯೊಳಗಿನ ದ್ರಾವಣ ದಪ್ಪಗಾಗಿ ಅಯಾನುಗಳ ಓಡಾಟ ಮಂದವಾಗುತ್ತದೆ, ಒಳಗಿನ ರೋಧ ಹೆಚ್ಚುತ್ತದೆ. ಅದು ಸಣ್ಣ ಪೆಟ್ಟು. ದೊಡ್ಡದು ಹೀಟರಿನದು. ಪೆಟ್ರೋಲ್ ಎಂಜಿನ್ ತಾನು ಸುಡುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿಯೇ ಪೋಲು ಮಾಡುತ್ತದೆ, ನೀವು ಆ ಪೋಲಾದ ಬಿಸಿಯಲ್ಲಿ ಬೆಚ್ಚಗೆ ಕುಳಿತಿರುತ್ತೀರಿ. ನಮ್ಮ ಮೋಟಾರು ಪೋಲು ಮಾಡುವುದು ಬಹಳ ಕಡಿಮೆ. ಬಿಸಿ ಬೇಕೆಂದರೆ ಬ್ಯಾಟರಿಯಿಂದಲೇ ಕೊಡಬೇಕು."

ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಐದು ಕಾರುಗಳ ಮೇಲೆ ನಡೆಸಿದ ಪರೀಕ್ಷೆ ಇದನ್ನೇ ಹೇಳುತ್ತದೆ. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ, ಹೀಟರ್ ಹಾಕದಿದ್ದರೆ ಓಡುವ ದೂರ ಶೇಕಡಾ 12ರಷ್ಟು ಇಳಿಯಿತು. ಹೀಟರ್ ಹಾಕಿದರೆ ಶೇಕಡಾ 41. ನಮಗೆ ಸಂಬಂಧಿಸಿದ ಸಂಖ್ಯೆ ಅದೇ ಪರೀಕ್ಷೆಯ ಇನ್ನೊಂದು ತುದಿಯಲ್ಲಿದೆ: 35 ಡಿಗ್ರಿ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಓಡಿಸಿದರೆ ಶೇಕಡಾ 17 ನಷ್ಟ. ಉಡುಪಿ, ಮಂಗಳೂರಿನವರು ಚಳಿಯ ಚಿಂತೆ ಬಿಟ್ಟು ಇದನ್ನು ನೆನಪಿಟ್ಟುಕೊಂಡರೆ ಸಾಕು. ನಾರ್ವೆಯ ವಾಹನ ಸಂಘವೂ 2020ರಿಂದ ಚಳಿಗಾಲದಲ್ಲಿ ಕಾರುಗಳನ್ನು ನಿಜವಾದ ರಸ್ತೆಯಲ್ಲಿ ಬ್ಯಾಟರಿ ಮುಗಿಯುವವರೆಗೆ ಓಡಿಸಿ ನೋಡುತ್ತಿದೆ. ಮೊದಲ ವರ್ಷ ಸರಾಸರಿ ನಷ್ಟ ನೂರಕ್ಕೆ ಇಪ್ಪತ್ತರ ಹತ್ತಿರ ಬಂದಿತ್ತು, ಕಾರಿನಿಂದ ಕಾರಿಗೆ ಬಹಳ ವ್ಯತ್ಯಾಸವಿತ್ತು.

"ಇಷ್ಟೆಲ್ಲ ಇದ್ದರೂ ಅಲ್ಲಿಯವರು ಯಾಕೆ ಕೊಳ್ಳುತ್ತಾರೆ?" ಭಾವ ಬಿಡಲಿಲ್ಲ.

"ತೆರಿಗೆ ವಿನಾಯಿತಿ ಕೊಟ್ಟಿದ್ದಾರೆ, ಅದೇ ಮೊದಲ ಕಾರಣ. 2024ರಲ್ಲಿ ಮಾರಾಟವಾದ ನೂರು ಹೊಸ ಕಾರುಗಳಲ್ಲಿ ಎಂಬತ್ತೊಂಬತ್ತು ವಿದ್ಯುತ್ತಿನವು. ಮತ್ತೆ, ಚಳಿಯಲ್ಲಿ ಪೆಟ್ರೋಲ್ ಕಾರೇನು ಸುಖವಾಗಿರುತ್ತದೆಯೇ? ಪೇಟೆಯೊಳಗೆ ಓಡಿಸಿದರೆ ಅದರ ಮೈಲೇಜೂ ನೂರಕ್ಕೆ ಹದಿನೈದರಷ್ಟು ಕುಸಿಯುತ್ತದೆ. ಅದನ್ನು ಯಾರೂ ಲೆಕ್ಕ ಇಡುವುದಿಲ್ಲ, ಬಂಕ್ ಮೂಲೆಮೂಲೆಯಲ್ಲಿದೆಯಲ್ಲ."

ಅವರು ಹೇಳಿದ್ದರಲ್ಲಿ ನನಗೆ ಹೊಸದಾಗಿದ್ದದ್ದು ಸಣ್ಣ ಓಡಾಟಗಳ ವಿಷಯ. ಒಂದೇ ಸಲ ಇನ್ನೂರು ಕಿಲೋಮೀಟರ್ ಹೋದರೆ ಕಾರಿನ ಒಳಭಾಗವನ್ನು ಒಮ್ಮೆ ಬಿಸಿ ಮಾಡಿದರಾಯಿತು. ಶಾಲೆ, ಅಂಗಡಿ, ಕಚೇರಿ ಎಂದು ಬಿಡಿಬಿಡಿಯಾಗಿ ಹೋದರೆ ಪ್ರತಿ ಸಲವೂ ತಣ್ಣಗಾದ ಕಾರನ್ನು ಮೊದಲಿನಿಂದ ಕಾಯಿಸಬೇಕು. ಹಾಗಾಗಿ ಅಲ್ಲಿ ಹೊರಡುವ ಮುಂಚೆ, ಗೋಡೆಯ ಪ್ಲಗ್ಗಿನಲ್ಲಿರುವಾಗಲೇ, ಮನೆಯ ವಿದ್ಯುತ್ತಿನಿಂದ ಕಾರನ್ನು ಬೆಚ್ಚಗೆ ಮಾಡಿಟ್ಟುಕೊಳ್ಳುತ್ತಾರೆ. ಇಲ್ಲಿ ಅದನ್ನೇ ತಿರುಗಿಸಿ, ಪ್ಲಗ್ಗಿನಲ್ಲಿರುವಾಗಲೇ ಎಸಿ ಹಾಕಿ ತಂಪು ಮಾಡಿಕೊಂಡು ಹೊರಡಬಹುದು. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ, ಪ್ರಯೋಜನವಿದೆ.

ಏಳುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. "ನೀವು ಬೆಳಗ್ಗೆ ಘಾಟಿ ಇಳಿಯುತ್ತೀರಲ್ಲ? ಪೂರ್ತಿ ಚಾರ್ಜ್ ಮಾಡಬೇಡಿ. ಇಳಿಜಾರಿನಲ್ಲಿ ಮೋಟಾರು ಜನರೇಟರಿನಂತೆ ತಿರುಗಿ ಕಾರನ್ನು ಹಿಡಿದಿಡುತ್ತದೆ, ಆ ವಿದ್ಯುತ್ತು ಬ್ಯಾಟರಿಗೆ ಹೋಗಬೇಕು. ತುಂಬಿದ ಕೊಡಕ್ಕೆ ಮತ್ತೆ ಹೊಯ್ದರೆ ಎಲ್ಲಿ ನಿಲ್ಲುತ್ತದೆ? ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಲ್ಲೂ ಹೀಗೆಯೇ. ತಣ್ಣಗಿನ ಬ್ಯಾಟರಿಗೆ ಜೋರಾಗಿ ವಿದ್ಯುತ್ತು ನುಗ್ಗಿಸಿದರೆ ಒಳಗೆ ಲಿಥಿಯಂ ಲೋಹವಾಗಿ ಕುಳಿತು ಶಾಶ್ವತ ಹಾನಿಯಾಗುತ್ತದೆ, ಅದಕ್ಕೇ ಕಾರು ತೆಗೆದುಕೊಳ್ಳುವುದೇ ಇಲ್ಲ."

ಸರಿ ಎಂದು ನಾನು ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಅರವತ್ತು ದಾಟಿದಾಗ ಪ್ಲಗ್ ತೆಗೆದು ಮಲಗಿದೆ. ಮನೆಗೆ ತಲುಪಲು ಅದರ ಅರ್ಧವೂ ಬೇಡ.

ಬೆಳಗ್ಗೆ ನೋಡಿದರೆ ನೂರು! ವರಾಂಡದಲ್ಲಿ ಕಾಫಿ ಹಿಡಿದು ನಿಂತಿದ್ದ ಯಜಮಾನರ ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಸಮಾಧಾನ. "ರಾತ್ರಿ ಎದ್ದಾಗ ನೋಡಿದೆ, ವಯರು ಕಳಚಿತ್ತು. ಮತ್ತೆ ಸಿಕ್ಕಿಸಿದೆ. ನಮ್ಮ ಮನೆಯಿಂದ ಅರೆಬರೆ ತುಂಬಿಸಿ ಕಳುಹಿಸುವುದುಂಟೇ?" ಕರೆಂಟಿನ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಅಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ? ಓಸ್ಲೋದವರು ಕಂಬದ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದರು.

ಸೂರ್ಯಾಸ್ತದ ಕಟ್ಟೆಯ ಬಳಿ ಮೊದಲ ಇಳಿಜಾರು ಸಿಕ್ಕಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂದಿನಂತೆ ಹಿಂದಕ್ಕೆ ಎಳೆದು ಹಿಡಿಯಬೇಕಿದ್ದ ಕಾರು ನ್ಯೂಟ್ರಲ್‌ನಲ್ಲಿ ಇದ್ದಂತೆ ಜಾರಿಕೊಂಡು ಹೋಯಿತು. ಡೀಸೆಲ್ ಕಾರಾದರೆ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಬಿಗಿಯಲ್ಲಿ ಇಳಿಯಬಹುದು. ಇದಕ್ಕೆ ಕೆಳಗಿನ ಗೇರೇ ಇಲ್ಲ. ಹದಿನಾಲ್ಕು ತಿರುವುಗಳನ್ನು ಬರೀ ಬ್ರೇಕಿನ ಮೇಲೆ, ಅಮ್ಮನನ್ನು ಕೂರಿಸಿಕೊಂಡು ಇಳಿಯುವ ಮನಸ್ಸು ನನಗಾಗಲಿಲ್ಲ. ಕಟ್ಟೆಯ ಬಳಿಯ ಖಾಲಿ ಜಾಗದಲ್ಲಿ ಕಾರನ್ನು ತಿರುಗಿಸಿದೆ.

"ಎಲ್ಲಿಗೆ?" ಅಕ್ಕ ಕೇಳಿದಳು.

"ಚಾರ್ಜ್ ಖಾಲಿ ಮಾಡಲು."

ಭಾವ ಅಷ್ಟು ಹೊತ್ತು ನಕ್ಕದ್ದನ್ನು ನಾನು ಅವರ ಮದುವೆಯಲ್ಲೂ ನೋಡಿಲ್ಲ. "ಡೀಸೆಲ್ ಹಾಕಿಸಿದ ಮೇಲೆ ಟ್ಯಾಂಕಿನಿಂದ ಚೆಲ್ಲಿ ಬಂದವರುಂಟೇ ಪ್ರಪಂಚದಲ್ಲಿ?" ಎನ್ನುತ್ತಾ ಕಣ್ಣೊರೆಸಿಕೊಂಡರು. ಮಂಜು ಇನ್ನೂ ಬಿಡದ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜು ಮುಚ್ಚಿ, ಹೀಟರನ್ನು ಪೂರ್ತಿ ತಿರುಗಿಸಿ, ಗುಡ್ಡೇಕೇರಿಯ ಕಡೆಗೆ ಹೊರಟೆವು. ಜೀವಮಾನದಲ್ಲಿ ನಾನು ಕಾರಿನ ಹೀಟರ್ ಬಳಸಿದ್ದು ಅದೇ ಮೊದಲು. ಅಮ್ಮನಿಗೆ ಮಾತ್ರ ಈ ಸವಾರಿ ಹಿಡಿಸಿತು. ಇಡೀ ಪ್ರವಾಸದಲ್ಲಿ ಚಳಿಯಾಗದೆ ಕುಳಿತದ್ದು ಇದೊಂದೇ ಹೊತ್ತು ಎಂದಳು. ದಾರಿಬದಿಯ ಒಂದು ಸಣ್ಣ ಹೋಟೆಲಿನಲ್ಲಿ ಚಹಾ ಕುಡಿದು, ಅಷ್ಟೇನೂ ಚೆನ್ನಾಗಿಲ್ಲದ ಚಹಾ, ಮರಳಿ ಆಗುಂಬೆಗೆ ಬರುವಾಗ ಎಂಬತ್ತೊಂಬತ್ತು ತೋರಿಸುತ್ತಿತ್ತು.

ಈ ಸಲ ಕಾಲು ತೆಗೆದೊಡನೆ ಕಾರು ತಡೆದು ನಿಂತಿತು. ಕಡಿದಾದ ತಿರುವುಗಳ ಬಾಯಲ್ಲಿ ಬಿಟ್ಟರೆ ಬ್ರೇಕಿನ ಮೇಲೆ ಕಾಲಿಡುವ ಕೆಲಸವೇ ಬೀಳಲಿಲ್ಲ. ಸೋಮೇಶ್ವರದ ಬಳಿ ಬ್ಯಾಟರಿ ತೊಂಬತ್ಮೂರಕ್ಕೆ ಏರಿತ್ತು. ಹತ್ತುವಾಗ ನುಂಗಿದ ಹದಿಮೂರರಲ್ಲಿ ಘಾಟಿ ನಾಲ್ಕನ್ನು ಮಾತ್ರ ವಾಪಸ್ ಕೊಟ್ಟಿದೆ ಎಂದು ಭಾವ ಕೂಡಲೇ ಎತ್ತಿ ತೋರಿಸಿದರು. ಡೀಸೆಲ್ ಕಾರಿಗೆ ಯಾವ ಘಾಟಿ ಎಷ್ಟು ಲೀಟರ್ ವಾಪಸ್ ಕೊಟ್ಟಿದೆ ಎಂದು ನಾನು ಕೇಳಿದೆ. ಹೆಬ್ರಿಯಲ್ಲಿ ಬನ್ಸ್ ಬರುವವರೆಗೆ ಅವರು ಉತ್ತರಿಸಲಿಲ್ಲ. ಬನ್ಸ್ ಬಂದ ಮೇಲೆ ಪ್ರಶ್ನೆಯೇ ಮರೆತುಹೋಯಿತು.

ಘಾಟಿಯ ಮೇಲೆ ಅತಿಥಿಗಳಿಗೆ ಮನೆ ಕೊಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಹದಿನೈದು ಆಂಪಿಯರ್ ಪ್ಲಗ್ ಇಟ್ಟಿದ್ದೀರಿ, ಪುಣ್ಯದ ಕೆಲಸ. ಆದರೆ ವಯರು ಕಳಚಿದ್ದು ಕಂಡರೆ ಸಿಕ್ಕಿಸುವ ಮುಂಚೆ ಅತಿಥಿಯನ್ನು ಎಬ್ಬಿಸಿ ಕೇಳಿ. ಶಿವಮೊಗ್ಗದ ಕಡೆಗೆ ಹೋಗುವವರಾದರೆ ತುಂಬಿಸಿ ಕೊಡಿ. ಉಡುಪಿಗೆ ಇಳಿಯುವವರಾದರೆ ಎಂಬತ್ತೈದು ಸಾಕು.