ತರಬೇತಿ ಮುಗಿದ ಮಾರನೇ ವಾರ

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಜೊತೆಗೆ ನಮ್ಮ ತಾಲ್ಲೂಕಿನ ಗಣಿತ ಶಿಕ್ಷಕರ ಬಳಗದಲ್ಲಿ ಕಂಪ್ಯೂಟರ್ ಕಡೆಯ ಕೆಲಸ ನೋಡಿಕೊಳ್ಳುತ್ತೇನೆ. ಯಾವ ಶಾಲೆಯ ಲ್ಯಾಬ್ ಕೆಟ್ಟು ನಿಂತಿದೆ, ಯಾರಿಗೆ ಯಾವ ಪಾಠಕ್ಕೆ ಏನು ಬೇಕು, ಅದಕ್ಕೆ ಯಾರು ಕೈಜೋಡಿಸಬಹುದು ಅಂತ ಹೊಂದಿಸುವುದು ನನ್ನ ಪಾಲಿಗೆ ಬಂದ ಜವಾಬ್ದಾರಿ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ತರಬೇತಿ ಮುಗಿದ ಮಾರನೇ ವಾರ, ಪಾಠದ ಮಧ್ಯೆ ಏನೋ ಕೈಕೊಟ್ಟಾಗ, ಅದೇ ವಿಷಯ ಕಲಿಸುವ ಇನ್ನೊಬ್ಬರು ಫೋನ್ ಎತ್ತಬೇಕು. ಹಾಗೆ ಎತ್ತುವವರಿದ್ದ ಕಡೆ ತಂತ್ರಜ್ಞಾನ ತರಗತಿಯಲ್ಲಿ ಉಳಿದುಕೊಳ್ಳುತ್ತದೆ. ಇಲ್ಲದ ಕಡೆ ಲ್ಯಾಬಿಗೆ ಬೀಗ ಬೀಳುತ್ತದೆ.

ಒಂಬತ್ತನೇ ತರಗತಿಯ ವೃತ್ತಗಳ ಪಾಠವನ್ನೇ ನೋಡಿ. ಒಂದೇ ವೃತ್ತಖಂಡದಲ್ಲಿರುವ ಕೋನಗಳೆಲ್ಲ ಸಮ ಎಂಬ ಪ್ರಮೇಯವಿದೆಯಲ್ಲ, ಅದನ್ನು ನಮ್ಮ ಬಳಗದ ಒಬ್ಬರು ಮೇಡಂ ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರಿನಲ್ಲಿ ತೋರಿಸುತ್ತಿದ್ದರು. ಒಂದು ವೃತ್ತ, ಅದರಲ್ಲಿ ಎಬಿ ಅನ್ನುವ ಜ್ಯಾ, ಪರಿಧಿಯ ಮೇಲೆ ಸಿ ಅನ್ನುವ ಬಿಂದು. ಸಿ ಬಿಂದುವನ್ನು ಮೌಸಿನಲ್ಲಿ ಹಿಡಿದು ಎಳೆದರೆ ತ್ರಿಭುಜದ ಆಕಾರ ಬದಲಾಗುತ್ತಾ ಹೋಗುತ್ತದೆ, ಆದರೆ ಕೋನ 50 ಇದ್ದದ್ದು 50 ಆಗಿಯೇ ಉಳಿಯುತ್ತದೆ. ಕಪ್ಪುಹಲಗೆಯ ಮೇಲೆ ನಾವು ಎಷ್ಟು ಚಿತ್ರ ಬರೆದರೂ ಮಕ್ಕಳಿಗೆ ಈ ನೋಟ ಸಿಗುವುದಿಲ್ಲ. ಮೇಡಂ ಅದೇ ಹುರುಪಿನಲ್ಲಿ ಸಿ ಬಿಂದುವನ್ನು ಇನ್ನೂ ಎಳೆದರು. ಅದು ಬಿ ದಾಟಿ ಜ್ಯಾದ ಆ ಕಡೆ ಹೋಯಿತು. ಪುಸ್ತಕದ ಪ್ರಕಾರ ಅಲ್ಲಿ 130 ಬರಬೇಕು. ಪರದೆ 230 ತೋರಿಸಿತು.

ಪಿರಿಯಡ್ ಮುಗಿದ ಕೂಡಲೇ ನನಗೆ ಫೋನ್ ಬಂತು. "ಸರ್, ಬಿಂದು ಆ ಕಡೆ ಹೋದ ತಕ್ಷಣ 230 ಬರ್ತಿದೆ. ಮಕ್ಕಳಿಗೆ ಏನು ಹೇಳ್ಲಿ?"

ವಿಷಯ ಇಷ್ಟೇ. ಜಿಯೋಜೀಬ್ರಾ ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ. ಬಿಂದು ಜ್ಯಾದ ಆಚೆ ಹೋದಾಗ ದಿಕ್ಕು ತಿರುಗಿ, ಒಳಗಿನ 130ರ ಬದಲು ಹೊರಗಿನ ಕೋನ ತೋರಿಸುತ್ತದೆ. 360ರಲ್ಲಿ 130 ಕಳೆದರೆ 230. ಕೋನದ ಸೆಟ್ಟಿಂಗ್ಸ್‌ಗೆ ಹೋಗಿ ಕೋನದ ಮಿತಿಯನ್ನು 0ಯಿಂದ 180 ಅಂತ ಇಟ್ಟರೆ ಸರಿಹೋಗುತ್ತದೆ. ಫೋನಿನಲ್ಲಿ ಇದನ್ನು ಹೇಳಲು ಎರಡು ನಿಮಿಷ ಸಾಕು. ಮೇಡಂ ಅದನ್ನು ಸರಿಮಾಡಿಕೊಂಡರು. ಆದರೆ ಬಿ ಸೆಕ್ಷನ್ನಿಗೆ ಹೋದಾಗ ಬೇಕಂತಲೇ ಹಳೆಯ ಸೆಟ್ಟಿಂಗ್ ಇಟ್ಟುಕೊಂಡು, "ಇಲ್ಯಾಕೆ 230 ಬಂತು, ನೀವೇ ಹೇಳಿ" ಅಂತ ಮಕ್ಕಳನ್ನೇ ಕೇಳಿದರು. "ಮಿಸ್, 50ಕ್ಕೆ ಸರಿಯಾಗಿ 180 ಸೇರಿದೆ" ಅಂದಳಂತೆ ಒಬ್ಬ ಹುಡುಗಿ. 230 ಹೊರಗಿನ ಕೋನವಾದರೆ ಒಳಗಿನದು 130, ಅದಕ್ಕೆ 50 ಸೇರಿಸಿದರೆ 180. ನಾಲ್ಕೂ ಮೂಲೆ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ 180 ಅನ್ನುವ ಪ್ರಮೇಯಕ್ಕೆ ಅಲ್ಲಿಂದಲೇ ದಾರಿ ಸಿಕ್ಕಿತು. ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಈಗ ನಾನೂ ಈ ಪಾಠ ಹೀಗೇ ಮಾಡುತ್ತೇನೆ.

ಕಂಪ್ಯೂಟರ್ ರಿಪೇರಿಗೆ ಬರುವ ತಂತ್ರಜ್ಞರಿಗೆ ಈ ಪ್ರಶ್ನೆ ಕೇಳಿದ್ದರೆ ಅವರೇನು ಮಾಡಿಯಾರು? ಅವರು ಯಂತ್ರ ಸರಿಮಾಡುತ್ತಾರೆ, ಅದು ಅವರ ಕೆಲಸ. ಈ ತೊಂದರೆ ಅರ್ಧ ಸಾಫ್ಟ್‌ವೇರಿನದು, ಅರ್ಧ ಗಣಿತದ್ದು. ಅದಕ್ಕೇ ಬಳಗವನ್ನು ವಿಷಯವಾರು ಕಟ್ಟಬೇಕು ಅಂತ ನಾನು ಹಟ ಹಿಡಿಯುವುದು. ಎಲ್ಲ ವಿಷಯದ ಶಿಕ್ಷಕರನ್ನೂ ಒಂದೇ ಹಾಲಿನಲ್ಲಿ ಕೂರಿಸಿ "ತರಗತಿಯಲ್ಲಿ ತಂತ್ರಜ್ಞಾನ" ಅಂತ ಭಾಷಣ ಮಾಡಿದರೆ ಒಒಡಿ (ಬೇರೆ ಕರ್ತವ್ಯದ ಹಾಜರಾತಿ) ಸಿಗುತ್ತದೆ, ಊಟ ಸಿಗುತ್ತದೆ, ಪಾಠಕ್ಕೆ ಏನೂ ಸಿಗುವುದಿಲ್ಲ.

ಕರ್ನಾಟಕದಲ್ಲಿ ಈ ದಾರಿ ಮೊದಲೇ ಬಿದ್ದಿತ್ತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಪ್ರೌಢಶಿಕ್ಷಣಕ್ಕೆಂದು ಕೇಂದ್ರ ತಂದಿದ್ದ ಆರ್‌ಎಂಎಸ್‌ಎ ಯೋಜನೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಶುರುಮಾಡಿದವು. ನಾವೆಲ್ಲ ಅದನ್ನು ಎಸ್‌ಟಿಎಫ್ ಅಂತಲೇ ಕರೆಯುತ್ತಿದ್ದೆವು. ಗಣಿತದವರು ಗಣಿತದವರ ಜೊತೆ, ವಿಜ್ಞಾನದವರು ವಿಜ್ಞಾನದವರ ಜೊತೆ. ಉಬುಂಟು, ಲಿಬ್ರೆಆಫೀಸ್, ಜಿಯೋಜೀಬ್ರಾದಂಥ ಉಚಿತ ಸಾಫ್ಟ್‌ವೇರ್‌ಗಳು ಸಾವಿರಾರು ಸರ್ಕಾರಿ ಶಾಲಾ ಶಿಕ್ಷಕರ ಕೈಗೆ ಬಂದದ್ದು ಹೀಗೆ. ಶಿಕ್ಷಕರೇ ಬರೆದು, ತಿದ್ದಿ, ಸೇರಿಸಬಹುದಾದ ಕೊಯರ್ ಎಂಬ ಮುಕ್ತ ಸಂಪನ್ಮೂಲಗಳ ಭಂಡಾರವೂ ಅದರ ಜೊತೆಗೇ ಬೆಳೆಯಿತು. ಆಮೇಲೆ ತಂತ್ರಜ್ಞಾನದ ನೆರವಿನಿಂದ ಕಲಿಸಲು ರಾಜ್ಯ ಸರ್ಕಾರ ತಂದ ಟಾಲ್ಪ್ ಕಾರ್ಯಕ್ರಮದ ತರಬೇತಿಗಳು ಬಂದವು. 2017ರಲ್ಲಿ ಕೇಂದ್ರದ ಡಿಜಿಟಲ್ ಪಾಠಗಳ ತಾಣ ದೀಕ್ಷಾ ಬಂತು, ಆಮೇಲೆ ಅಲ್ಲಿಗೆ ಕೊಂಡೊಯ್ಯುವ ಕ್ಯೂಆರ್ ಕೋಡ್ ಪಠ್ಯಪುಸ್ತಕದಲ್ಲೇ ಅಚ್ಚಾಯಿತು. ಪಕ್ಕದ ಕೇರಳದಲ್ಲಿ 2001ರಲ್ಲಿ ಶುರುವಾದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿ ಆಯಿತು. ಅಲ್ಲಿನ ಶಾಲೆಗಳಲ್ಲಿ ಉಚಿತ ಸಾಫ್ಟ್‌ವೇರ್ ಬೇರೂರಿದ್ದರ ಹಿಂದೆಯೂ ಶಿಕ್ಷಕರಿಗೆ ಕಲಿಸುವ ಶಿಕ್ಷಕರೇ ಇದ್ದಾರೆ.

ಯೋಜನೆಗಳು ಬರುತ್ತವೆ, ಅವಧಿ ಮುಗಿದಾಗ ಹೋಗುತ್ತವೆ. ಯುಪಿಎಸ್ ಬ್ಯಾಟರಿ ಸತ್ತ ಮೇಲೆ ಹೊಸದಕ್ಕೆ ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆ ಮಾತ್ರ ಮುಖ್ಯ ಶಿಕ್ಷಕರ ಟೇಬಲ್ ಮೇಲೆ ಉಳಿಯುತ್ತದೆ. ಅಷ್ಟರಲ್ಲಿ ಇರುವ ಒಂದೆರಡು ಕಂಪ್ಯೂಟರೂ ಸ್ಯಾಟ್ಸ್ ಅನ್ನುವ ಸರ್ಕಾರಿ ತಾಣದಲ್ಲಿ ಮಕ್ಕಳ ವಿವರದ ಎಂಟ್ರಿಗೆ ಮೀಸಲಾಗಿರುತ್ತವೆ. ಇದನ್ನು ಸಂಕಟದಿಂದಲೇ ಹೇಳುತ್ತಿದ್ದೇನೆ. ಮಕ್ಕಳ ಮಾಹಿತಿ ತುಂಬುವ ಯಂತ್ರವನ್ನು ಮಕ್ಕಳೇ ಮುಟ್ಟದಿದ್ದರೆ ಹೇಗೆ?

ನಮ್ಮ ಬಳಗ ಬಗೆಹರಿಸಿದ ಇನ್ನೊಂದು ವಿಷಯ ಕೇಳಲು ಸಣ್ಣದು, ಆದರೆ ಅದರಿಂದ ಉಳಿದ ಸಮಯ ತುಂಬಾ ಜಾಸ್ತಿ. ಒಬ್ಬರು ಶ್ರಮಪಟ್ಟು ಪ್ರಶ್ನೆಪತ್ರಿಕೆ ಟೈಪ್ ಮಾಡಿ ಎಲ್ಲರಿಗೂ ಕಳಿಸುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ತಲೆ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಹೀಗೇ ಆಗುತ್ತದೆ, ಆ ಫಾಂಟ್ ಇಲ್ಲದ ಕಡೆ ಅಕ್ಷರ ಓದಲು ಬರುವುದಿಲ್ಲ. ಸುಮ್ನೆ ಪಿಡಿಎಫ್ ಮಾಡಿ ಕಳಿಸಿದರಾಯಿತು ಅನ್ನುವವರಿದ್ದಾರೆ. ಆದರೆ ಪಿಡಿಎಫ್‌ನಲ್ಲಿ ಒಂದು ಪ್ರಶ್ನೆ ತಿದ್ದಬೇಕೆಂದರೂ ಒದ್ದಾಟ. ಹಾಗಾಗಿ ಹಂಚುವುದೆಲ್ಲ, ಯಾವ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡಿನಲ್ಲೇ ಇರಲಿ ಅಂತ ನಿರ್ಧರಿಸಿದೆವು. ಕೀಬೋರ್ಡ್ ವಿನ್ಯಾಸ ಬದಲಿಸಬೇಕಾಗಿಲ್ಲ, ನುಡಿಯಲ್ಲಿ ಬೆರಳು ಪಳಗಿದವರು ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು. ಹಿರಿಯ ಶಿಕ್ಷಕರಿಗೆ ಇದನ್ನು ಪಕ್ಕದಲ್ಲಿ ಕೂತು ತೋರಿಸಿದ ಮೇಲೆ ನಂಬಿಕೆ ಬಂತು. ಈಗ ಒಬ್ಬರ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ, ಪಕ್ಕದ ಶಾಲೆಯವರು ಮಾಡಿದ್ದನ್ನು ತಿದ್ದಿ ಬಳಸಲು ಶುರುಮಾಡಿದ ಶಿಕ್ಷಕರು ಸ್ವಲ್ಪ ದಿನದಲ್ಲೇ ತಮ್ಮದೂ ಒಂದು ಕಳಿಸುತ್ತಾರೆ.

ನಮ್ಮ ಸಭೆಗಳು ಈಗ ಯಾವುದಾದರೂ ಶಾಲೆಯ ಲ್ಯಾಬಿನಲ್ಲೇ ನಡೆಯುತ್ತವೆ. ಹೋದ ಕಡೆ ಮೊದಲು ಅಲ್ಲಿನ ಕಂಪ್ಯೂಟರ್‌ಗಳನ್ನು ಆನ್ ಮಾಡಿ ನೋಡುತ್ತೇವೆ, ಸತ್ತಂತಿದ್ದರಲ್ಲಿ ಕೆಲವು ಬರೀ ಧೂಳು ಒರೆಸಿ ರ‍್ಯಾಮ್ ತೆಗೆದು ಮತ್ತೆ ಹಾಕಿದರೆ ಎದ್ದು ಕೂರುತ್ತವೆ. ಆಮೇಲೆ ಒಂದೇ ಪಾಠ. ಮೌಸ್ ಎಲ್ಲರ ಕೈಗೂ ಹೋಗಬೇಕು. ಸ್ಲೈಡ್ ಹಾಕಿ ಓದುವುದಕ್ಕೆ ಅವಕಾಶವಿಲ್ಲ. ಜಿಯೋಜೀಬ್ರಾ ಕ್ಲಾಸಿಕ್ ಒಮ್ಮೆ ಇನ್‌ಸ್ಟಾಲ್ ಆದರೆ ಇಂಟರ್ನೆಟ್ ಬೇಕಾಗಿಲ್ಲ, ಹಾಗಾಗಿ ನೆಟ್‌ವರ್ಕ್ ಸಿಗದ ಊರಿನ ಶಾಲೆಯಲ್ಲೂ ಸಭೆಗೆ ಅಡ್ಡಿಯಿಲ್ಲ.

ನಿಮ್ಮ ತಾಲ್ಲೂಕಿನಲ್ಲಿ ಇಂಥ ಬಳಗ ಇಲ್ಲದಿದ್ದರೆ ಮೂರ್ನಾಲ್ಕು ಜನರಿಂದಲೇ ಶುರುಮಾಡಿ. ಆದಷ್ಟೂ ಒಂದೇ ವಿಷಯದವರಾಗಿರಲಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಮೊದಲೇ ಅನುಮತಿ ಪತ್ರ ತೆಗೆದುಕೊಳ್ಳಿ, ಇಲ್ಲದಿದ್ದರೆ ಬರುವ ಮನಸ್ಸಿದ್ದವರಿಗೂ ಶಾಲೆ ಬಿಟ್ಟು ಬರಲಾಗುವುದಿಲ್ಲ. ಮುಂದಿನ ತಿಂಗಳು ಎಲ್ಲರೂ ಮಾಡಲಿರುವ ಒಂದು ಪಾಠ ಆರಿಸಿಕೊಳ್ಳಿ. ಸಾಫ್ಟ್‌ವೇರ್ ತುಂಬಿದ ಪೆನ್‌ಡ್ರೈವ್ ಇರಲಿ, ಎಕ್ಸ್‌ಟೆನ್ಶನ್ ಬೋರ್ಡ್ ಮರೆಯಬೇಡಿ. ಹೊರಡುವ ಮುಂಚೆ ಪ್ರತಿಯೊಬ್ಬರೂ ಆ ಪಾಠವನ್ನು ತಮ್ಮ ಶಾಲೆಯಲ್ಲಿ ಯಾವ ದಿನ, ಯಾವ ಪಿರಿಯಡ್ ಮಾಡುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಪಾಠವಿಲ್ಲದೆ ಬಿಡುವಾಗಿರುವ ಇನ್ನೊಬ್ಬರ ಹೆಸರು, ಫೋನ್ ನಂಬರ್ ಅದರ ಪಕ್ಕದಲ್ಲೇ ಇರಲಿ.