ಹಸಿ ಹಾಲು ಕೊಡುತ್ತೇವೆ, ಹಸಿಯಾಗಿ ಕುಡಿಯಲು ಅಲ್ಲ

ಈ ಆಟಿ (ತುಳುವರ ಮಳೆಗಾಲದ ತಿಂಗಳು) ಶುರುವಾದ ವಾರ ನಮ್ಮ ಹಾಲಿನ ಪಟ್ಟಿಗೆ ಒಂದು ಹೊಸ ಮನೆ ಸೇರಿತು. ಮಣಿಪಾಲದಲ್ಲಿ ಬಾಡಿಗೆಗಿರುವ ಚಿಕ್ಕ ಸಂಸಾರ. ಮೂರು ವರ್ಷದ ಮಗಳು. ಮೊದಲ ದಿನವೇ ಆ ತಾಯಿ ಮಳೆಯಲ್ಲಿ ನೆನೆದುಕೊಂಡು ನಮ್ಮ ದನದ ಹಟ್ಟಿಗೆ ಬಂದರು. ನಮ್ಮ ದನ ಗೌರಿಯ ಕುತ್ತಿಗೆ ಸವರಿದರು. ಆಮೇಲೆ ಚೀಲದಿಂದ ಒಂದು ಸಣ್ಣ ಸ್ಟೀಲ್ ಲೋಟ ತೆಗೆದರು.

"ಅಕ್ಕಾ, ಕರೆದ ಕೂಡಲೇ ನೊರೆಹಾಲು ಇವಳಿಗೆ ಕುಡಿಸ್ಬಹುದಲ್ವಾ? ಅಜ್ಜಿ ಮನೆಯಲ್ಲಿ ನಾನು ಹಾಗೇ ಕುಡೀತಿದ್ದೆ."

ನಾನು ಲೋಟದ ಬಾಯಿಗೆ ಕೈ ಅಡ್ಡ ಹಿಡಿದೆ. ಅವರ ಮುಖ ಸಣ್ಣದಾಯಿತು. ಅಷ್ಟು ಆಸೆಯಿಂದ ಬಂದವರಿಗೆ ಬೇಡ ಅನ್ನುವುದು ಕಷ್ಟ. ಆದರೆ ಈ ಒಂದು ವಿಷಯದಲ್ಲಿ ನಾನು ಯಾರಿಗೂ ದಾಕ್ಷಿಣ್ಯ ಮಾಡುವುದಿಲ್ಲ.

ಕಾರಣ ನನ್ನ ತಮ್ಮ. ಅವನಿಗೆ ಆಗ 17 ವರ್ಷ. ಕಾರ್ಕಳದ ಕಡೆ ನಮ್ಮ ತವರಿನಲ್ಲಿ ಒಂದು ದನ ಏಳನೇ ತಿಂಗಳಲ್ಲಿ ಕಂದು ಹಾಕಿತು, ಅಂದರೆ ಗರ್ಭಪಾತವಾಯಿತು. ಹಟ್ಟಿ ಗುಡಿಸಿ, ಸತ್ತ ಕಂದನ್ನು ತೆಗೆದು ಹೂತದ್ದು ಅವನೇ, ಬರಿಗೈಯಲ್ಲಿ. ಅದೇ ಹಟ್ಟಿಯಲ್ಲಿ ದಿನಾ ಬೆಳಿಗ್ಗೆ ನೊರೆಹಾಲು ಕುಡಿಯುವ ಅಭ್ಯಾಸವೂ ಅವನಿಗಿತ್ತು. ಸ್ವಲ್ಪ ದಿನ ಕಳೆದ ಮೇಲೆ ಜ್ವರ ಬಂತು. ಸಂಜೆಯಾದರೆ ಏರುವುದು, ಬೆಳಿಗ್ಗೆ ಬಿಡುವುದು. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಸೊಂಟ ನೋವು ಎಂದು ಹುಡುಗ ಗೋಡೆ ಹಿಡಿದು ಏಳುತ್ತಿದ್ದ. ಟೈಫಾಯ್ಡ್ ಇರಬಹುದು ಅಂದರು, ಮಲೇರಿಯಾ ಇರಬಹುದು ಅಂದರು. ಕೊನೆಗೆ ಒಬ್ಬ ಡಾಕ್ಟ್ರು "ಮನೆಯಲ್ಲಿ ದನ ಇದೆಯಾ?" ಎಂದು ಕೇಳಿದರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬ್ರೂಸೆಲ್ಲೋಸಿಸ್ ಎಂದು ಬಂತು. ದನಗಳು ಕಂದು ಹಾಕುವ ರೋಗವೇ ಮನುಷ್ಯರಿಗೂ ಅಂಟುತ್ತದೆ ಎಂದು ನಮ್ಮ ಮನೆಗೆ ಗೊತ್ತಾದದ್ದು ಹಾಗೆ. ಆರು ವಾರ ಎರಡು ಬಗೆಯ ಮಾತ್ರೆ ನುಂಗಿ ಗುಣವಾದ. ಆದರೆ ಆ ವರ್ಷದ ಪರೀಕ್ಷೆ ಹೋಯಿತು.

ಇದನ್ನೆಲ್ಲ ಆ ತಾಯಿಗೆ ಹಟ್ಟಿಯ ಮೆಟ್ಟಿಲ ಮೇಲೆ ಕೂತು ಹೇಳಿದೆ. "ಅಜ್ಜಿ ಮನೆಯಲ್ಲಿ ಏನೂ ಆಗಿರಲಿಲ್ಲ" ಅಂದರು. ನಿಜ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅದಕ್ಕೇ ಇದು ಮೋಸ ಮಾಡುತ್ತದೆ. ರೋಗ ಇರುವ ದನ ನೋಡಲು ಗುಂಡುಗುಂಡಾಗಿಯೇ ಇರಬಹುದು. ಹಾಲು ಬೆಳ್ಳಗೇ ಇರುತ್ತದೆ, ವಾಸನೆ ಬರುವುದಿಲ್ಲ. ಕಾಯಿಸಿದರೆ ಸತ್ವ ಹೋಗುವುದಿಲ್ಲವಾ ಎಂದೂ ಕೇಳಿದರು. ಕೆಲವು ಬಿ ವಿಟಮಿನ್‌ಗಳು ಸ್ವಲ್ಪ ಕಡಿಮೆಯಾಗುತ್ತವೆ. ಪ್ರೋಟೀನು, ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ. ಡೇರಿಯವರು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸಿ ಪ್ಯಾಕೆಟ್ ಮಾಡುತ್ತಾರೆ. ನಾವು ಮನೆಯಲ್ಲಿ ಒಂದು ಕುದಿ ಬರಿಸಿದರೆ ಸಾಕು. ಗಂಟೆಗಟ್ಟಲೆ ಒಲೆ ಮೇಲಿಟ್ಟು ಬತ್ತಿಸಬೇಕಾಗಿಲ್ಲ.

ಹಾಗಾದರೆ ಹಸಿ ಹಾಲೇ ಯಾಕೆ ಕೊಡುತ್ತೀರಿ ಅನ್ನಬಹುದು. ಒಂದೇ ಹಟ್ಟಿಯ ಹಾಲು, ಅದೇ ದಿನ ಬೆಳಿಗ್ಗೆ ಕರೆದದ್ದು, ಕೆನೆ ತೆಗೆಯದ್ದು ಮನೆಗೆ ಬರಬೇಕು ಎಂದು ಆಸೆಪಡುವವರಿದ್ದಾರೆ. ಕಾಯಿಸಿದ ಮೇಲೆ ಆ ಕೆನೆ, ಆ ಗಟ್ಟಿ ಮೊಸರು ಅವರದೇ ಒಲೆಯ ಮೇಲೆ, ಅವರದೇ ಪಾತ್ರೆಯಲ್ಲಿ ಆಗುತ್ತದೆ.

ನಮ್ಮದು ಉಡುಪಿ ಹತ್ತಿರದ ಆತ್ರಾಡಿಯಿಂದ ಒಳಗೆ, ಅಡಿಕೆ ತೋಟದ ಬದಿಯ ಮನೆ. ನಾಲ್ಕು ದನ. ಕೆಂಪಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ಅಂದರೆ ಮಿಶ್ರತಳಿ, ಗೌರಿ ಮತ್ತು ತುಂಗೆ ಜರ್ಸಿ ಕ್ರಾಸ್, ಬೊಳ್ಳಿ ಊರಿನ ದನ, ಅಂದರೆ ಮಲೆನಾಡು ಗಿಡ್ಡ. ಬೆಳಿಗ್ಗೆ ಎಲ್ಲ ಸೇರಿ 15 ಲೀಟರ್ ಆಗುತ್ತದೆ. ಅದರಲ್ಲಿ ಬೊಳ್ಳಿಯದು ಒಂದೇ ಲೀಟರ್. 14 ಮನೆಗಳಿಗೆ ಒಂದೊಂದು ಪಾಲು. ಪರ್ಕಳ, ಮಣಿಪಾಲ ಕಡೆಗೆ ನಮ್ಮನೆಯವರು ಸ್ಕೂಟರಿನಲ್ಲಿ ಕೊಂಡುಹೋಗುತ್ತಾರೆ. ಪಾಲಿನವರು ಸೇರುವಾಗ ಒಂದು ಅಡ್ವಾನ್ಸ್ ಕೊಡುತ್ತಾರೆ. ಆ ದುಡ್ಡಿನಲ್ಲಿ ಮಳೆಗಾಲಕ್ಕೆ ಮೊದಲೇ ಘಟ್ಟದ ಮೇಲಿಂದ ಲಾರಿಯಲ್ಲಿ ಬರುವ ಬೈಹುಲ್ಲು ತೆಗೆದು ಅಟ್ಟಕ್ಕೆ ಹಾಕುತ್ತೇವೆ. ದನ ಕರು ಹಾಕುವ ಎರಡು ತಿಂಗಳು ಮೊದಲು ಕರೆಯುವುದನ್ನು ನಿಲ್ಲಿಸಿ ಅದರ ಹಾಲು ಬತ್ತಿಸಬೇಕು. ಆಗ ಎಲ್ಲರ ಪಾಲೂ ಕಡಿಮೆಯಾಗುತ್ತದೆ. ಹೊರಗಿನ ಹಾಲು ತಂದು ಒಂದು ಚಮಚವೂ ಸೇರಿಸುವುದಿಲ್ಲ. ಬೊಳ್ಳಿಯ ಹಾಲು ಬೇರೆ ಕೊಡಿ, ಜಾಸ್ತಿ ದುಡ್ಡು ಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದೂ ಇಲ್ಲ. ಎಲ್ಲವೂ ಒಂದೇ ಕ್ಯಾನಿಗೆ.

ಸಂಜೆಯ ಹಾಲು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ. ಅಲ್ಲಿ ಫ್ಯಾಟ್, ಡಿಗ್ರಿ (ನೀರು ಬೆರೆತಿದೆಯೇ ಎಂದು ತೋರಿಸುವ ಅಳತೆ) ನೋಡಿ ಚೀಟಿ ಕೊಡುತ್ತಾರೆ. ಆ ಚೀಟಿಯನ್ನು ನಾನು ಹಟ್ಟಿಯ ಕಂಬಕ್ಕೆ ಸಿಕ್ಕಿಸುತ್ತೇನೆ, ಬಂದವರು ನೋಡಲಿ ಎಂದು. ಇದ್ದ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಿಂದ ವಿನಾಯಿತಿ ಇದೆ. ನಾವು ಮನೆಗಳಿಗೂ ಕೊಡುವುದರಿಂದ ಮಾಡಿಸಿಕೊಂಡಿದ್ದೇವೆ.

ಒಮ್ಮೆ ದೊಡ್ಡ ತಪ್ಪಾಯಿತು. ಎರಡು ವರ್ಷದ ಹಿಂದೆ, ಜೂನ್ ತಿಂಗಳು. ಗಾಳಿಮಳೆಗೆ ಮರ ಬಿದ್ದು ದಾರಿ ಬಂದ್. ಸಂಜೆ ಹಾಲು ಸಂಘಕ್ಕೆ ಮುಟ್ಟಲಿಲ್ಲ. ಕರೆಂಟೂ ಇಲ್ಲ. ಫ್ರೀಜರಿನ ಐಸ್ ಬಾಟಲಿಗಳು ಬೆಳಿಗ್ಗೆಯ ಹಾಲಿಗೇ ಮುಗಿದಿದ್ದವು. ಕ್ಯಾನನ್ನು ಬಾವಿ ನೀರಿನ ತೊಟ್ಟಿಯಲ್ಲಿ ಇಳಿಸಿ ಮಲಗಿದೆವು. ಮರುದಿನ ಮೂಸಿ ನೋಡಿದೆ, ಏನೂ ಅನಿಸಲಿಲ್ಲ. ಬೆಳಿಗ್ಗೆಯ ಹಾಲಿಗೆ ಸೇರಿಸಿಬಿಟ್ಟೆ. ಒಂಬತ್ತು ಗಂಟೆಗೆ ಫೋನ್ ಶುರುವಾಯಿತು. ಐದು ಮನೆಗಳಲ್ಲಿ ಕಾಯಿಸುವಾಗಲೇ ಹಾಲು ಒಡೆದಿತ್ತು.

ಹಾಲು ಕೆಚ್ಚಲಿನಿಂದ ಬರುವಾಗ 38 ಡಿಗ್ರಿ ಬಿಸಿ ಇರುತ್ತದೆ. ನಮ್ಮ ಬಾವಿ ನೀರು ಅದನ್ನು 28ರ ತನಕ ಇಳಿಸುತ್ತದೆ, ಅದಕ್ಕಿಂತ ಕೆಳಗಿಲ್ಲ. ಆ ಬಿಸಿಯಲ್ಲಿ ರಾತ್ರಿಯಿಡೀ ಇಟ್ಟರೆ ಹುಳಿಯಾಗದೆ ಇರುತ್ತದಾ? ಅತ್ತೆ ಮೊದಲೇ ಹೇಳಿದ್ದರು, "ಹೆಪ್ಪು ಹಾಕಿ ಮಜ್ಜಿಗೆ ಮಾಡು ಮಾರಾಯ್ತಿ" ಎಂದು. ಚೆಲ್ಲಲು ಮನಸ್ಸಾಗಲಿಲ್ಲ, ಮಜ್ಜಿಗೆ ಮಾಡಲು ಸೋಮಾರಿತನ. ಐದೂ ಮನೆಗೆ ನಾನೇ ಹೋದೆ. ದುಡ್ಡು ವಾಪಸು ಕೊಟ್ಟೆ, ಆದದ್ದನ್ನು ಆದ ಹಾಗೆ ಹೇಳಿದೆ. ಒಂದು ಮನೆಯವರು ಬಿಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ.

ಅಂದಿನಿಂದ ಐಸ್ ಬಾಟಲಿಗಳಿಗೇ ಒಂದು ಬೇರೆ ಫ್ರೀಜರ್ ಇದೆ. ಕರೆದ ಹಾಲನ್ನು ಸೋಸಿ, ಮೊದಲು ಬಾವಿ ನೀರು, ಆಮೇಲೆ ಐಸ್ ನೀರು. ಕೈಯಾಡಿಸುತ್ತಾ 4 ಡಿಗ್ರಿಗೆ ತರುತ್ತೇವೆ. ತಣ್ಣಗಾದ ಹಾಲಿಗೆ ಬಿಸಿ ಹಾಲು ಸೇರಿಸುವುದಿಲ್ಲ. ಸ್ಕೂಟರ್ ಹೊರಡುವ ಮೊದಲು ಕ್ಯಾನಿನಿಂದ ಒಂದು ಸೌಟು ತೆಗೆದು ಒಲೆಯ ಮೇಲಿಟ್ಟು ನೋಡುತ್ತೇವೆ. ಒಡೆದರೆ ಅಂದು ಹಾಲಿಲ್ಲ.

ಇನ್ನೊಂದು ಕೆಲಸ ಕೆಚ್ಚಲು ಬಾವು ನೋಡುವುದು. ಕಣ್ಣಿಗೆ ಕಾಣುವುದಕ್ಕಿಂತ ಕಾಣದ ಬಾವೇ ಜಾಸ್ತಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲು ಹಿಂಡಿ, ನೇರಳೆ ಬಣ್ಣದ ದ್ರಾವಣ ಹಾಕಿ ತಿರುಗಿಸುತ್ತೇನೆ. ಚೆನ್ನಾಗಿದ್ದರೆ ನೀರಾಗಿಯೇ ಇರುತ್ತದೆ. ಬಾವು ಇದ್ದರೆ ಲೋಳೆಯಾಗುತ್ತದೆ. ಕಳೆದ ಮಾರ್ಚ್‌ನಲ್ಲಿ ಗೌರಿಯ ಹಿಂದಿನ ಎಡ ಮೊಲೆಯದು ಲೋಳೆಯಾಯಿತು. ಪಶುವೈದ್ಯರು ಮೂರು ದಿನ ಔಷಧಿ ಕೊಟ್ಟರು, ಅದು ಮುಗಿದ ಮೇಲೆ ಇನ್ನೂ ನಾಲ್ಕು ದಿನ ಅವಳ ಹಾಲು ಯಾರಿಗೂ ಕೊಡಬಾರದು ಅಂದರು. ಆಂಟಿಬಯೋಟಿಕ್ ಕಾಯಿಸಿದರೆ ಹೋಗುವುದಿಲ್ಲ. ಏಳು ದಿನ ಗೌರಿಯ ಹಾಲು ಪೂರ್ತಿ ಗುಂಡಿಗೆ. ಬಕೆಟ್ ಬಗ್ಗಿಸುವಾಗ ಪ್ರತಿಸಲವೂ ಹೊಟ್ಟೆ ಉರಿಯುತ್ತಿತ್ತು. ಪಾಲಿನವರ ಗ್ರೂಪಿನಲ್ಲಿ ಎಲ್ಲರಿಗೂ ಬರೆದೆ, ಈ ವಾರ ಪಾಲಿಗೆ ಮುಕ್ಕಾಲು ಲೀಟರಿಗಿಂತ ಕಡಿಮೆ ಎಂದು. ಪರ್ಕಳದ ಒಬ್ಬ ಅಜ್ಜಿ "ನನಗೆ ಬೇಡ, ಮಕ್ಕಳಿರುವ ಮನೆಗೆ ಕೊಡು" ಎಂದು ಕಳಿಸಿದರು.

ಗೌರಿಯ ಹೆಣ್ಣು ಕರುವಿಗೆ ಬ್ರೂಸೆಲ್ಲಾ ಲಸಿಕೆ ಆಗಿದೆ. ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಸಲ ಕೊಡುವುದು. ಹೊಸ ದನ ತರುವ ಮೊದಲು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಒಂದು ಕಪ್ಪು ದನವನ್ನು ನಾನು ನೋಡಿದ ದಿನವೇ ಮನಸ್ಸಿನಲ್ಲಿ ಮನೆಗೆ ತಂದಾಗಿತ್ತು, ಹೆಸರೂ ಇಟ್ಟಿದ್ದೆ. ವರದಿ ಪಾಸಿಟಿವ್ ಬಂತು. ಬಿಟ್ಟೆವು. ಇಷ್ಟೆಲ್ಲ ಮಾಡಿದ ಮೇಲೂ ಬಾಟಲಿಯ ಮೇಲೆ "ಕಾಯಿಸಿಯೇ ಕುಡಿಯಿರಿ" ಎಂಬ ಚೀಟಿ ಇರುತ್ತದೆ, ಯಾಕೆಂದರೆ ಪರೀಕ್ಷೆ ಮಾಡಿದ ದಿನದ ಮಾತು ಮಾತ್ರ ಪರೀಕ್ಷೆ ಹೇಳುತ್ತದೆ.

ವರ್ಷದಲ್ಲಿ ಒಂದು ದಿನ ಮಾತ್ರ ಕಾಯಿಸದ ಹಾಲೇ ಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾಗರಪಂಚಮಿಗೆ ತನು ಎರೆಯಲು, ಅಂದರೆ ನಾಗನ ಕಲ್ಲಿಗೆ ಹಾಲೆರೆಯಲು. ಆ ದಿನ ನಾಲ್ಕು ಗಂಟೆಗೇ ಕರೆಯಲು ಕೂರುತ್ತೇವೆ. ಮೊದಲ ಚೊಂಬು ನಮ್ಮದೇ ತೋಟದ ನಾಗನಿಗೆ. ಈ ಸಲ ಆ ಹೊಸ ತಾಯಿಯೂ ಒಂದು ಬಾಟಲಿ ಜಾಸ್ತಿ ಹೇಳಿದ್ದರು, ಗಂಡನ ಮನೆಯವರ ನಾಗಬನಕ್ಕೆ. ಮಧ್ಯಾಹ್ನ ಫೋನ್ ಬಂತು.

"ಅಕ್ಕಾ, ತನು ಎರೆದಾಯ್ತು. ಅರ್ಧ ಬಾಟಲಿ ಉಳಿದಿತ್ತು. ಇವಳು ಅಲ್ಲೇ ಬೇಕು ಅಂತ ಹಟ ಮಾಡಿದಳು. ಕೊಡಲಿಲ್ಲ. ಈಗ ಮನೆಗೆ ತಂದು ಕಾಯಿಸಿ ಇಟ್ಟಿದ್ದೇನೆ. ಅರಶಿನ ಎಲೆಯ ಕಡುಬಿನ ಜೊತೆ ಕುಡೀತಿದ್ದಾಳೆ."

ಹಿಂದಿನಿಂದ ಮಗುವಿನ ಸ್ವರ ಕೇಳುತ್ತಿತ್ತು. ಕೆನೆ ಬೇಡವಂತೆ.